ಸದ್ದಿಲ್ಲದ ಕೋಣೆಯ ಬಿಸಿಯುಸಿರು

ಸ್ವಲ್ಪ ನೆಟ್ಟಗೆ ಕುಳಿತು ಓದಿ. ಈ ಕತೆಯ ಹೀರೋ ನಾನೇ. ಅಕ್ಕ ಎಂಟು ತಿಂಗಳು ಒದ್ದಾಡಿ ಮಾಡಿದ ಕೂಲರು ಗುಜರಿಗೆ ಹೋಗದಂತೆ ಉಳಿಸಿದ ಗಂಡು ನಾನು. ನನ್ನ ಹತ್ತಿರ ಬರಬೇಕಾದರೆ ಭಯವೂ ಟೋಕನ್ ತೆಗೆದುಕೊಂಡು ಕ್ಯೂನಲ್ಲಿ ನಿಲ್ಲಬೇಕು.

ಕೂಲರ್ ಎಂದರೆ ಕಿಟಕಿಗೆ ಇಡುವ ಡಬ್ಬ ಅಲ್ಲ. ಕಂಪ್ಯೂಟರಿನ ಪ್ರೊಸೆಸರ್ ಕಾಯದಂತೆ ಅದರ ನೆತ್ತಿಯ ಮೇಲೆ ಕೂರಿಸುವ ಅಂಗೈಯಗಲದ ಫ್ಯಾನು. ಅಕ್ಕನ ಕಂಪನಿಯಲ್ಲೇ ನಾನು ಪ್ಯಾಕಿಂಗ್ ಮಾಡುತ್ತೇನೆ. ಅವತ್ತು ಅವಳ ಕೂಲರಿಗೆ ಕೊನೆಯ ಪರೀಕ್ಷೆ. ಇಪ್ಪತ್ತು ನಿಮಿಷ ಪ್ರೊಸೆಸರನ್ನು ಬಿಡದೆ ದುಡಿಸಬೇಕು. ಬಿಸಿ ಎಂಬತ್ತು ಡಿಗ್ರಿ ದಾಟಬಾರದು, ಸದ್ದು ಇಪ್ಪತ್ತೈದು ಡೆಸಿಬಲ್ ದಾಟಬಾರದು. ದಾಟಿದರೆ ಆ ಮಾಡೆಲ್ಲೇ ಬಂದ್.

ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಗೋಡೆ, ಚಾವಣಿ, ಬಾಗಿಲು ಎಲ್ಲಕ್ಕೂ ಮೊನೆಮೊನೆಯಾದ ದಪ್ಪ ಸ್ಪಂಜು. ಟ್ಯೂಬ್‌ಲೈಟ್ ಗುಂಯ್ ಎನ್ನುತ್ತದೆ ಎಂದು ಅದನ್ನೂ ಆರಿಸುತ್ತಾರೆ. ಹೊರಗೆ ಕುಳಿತವರಿಗೆ ಕಾಣುವುದು ಅಂಕಿ ಮಾತ್ರ. ಅಕ್ಕ ಸ್ಕ್ರೂಡ್ರೈವರ್ ತರಲು ಹೋದಾಗ ನಾನು ಒಳಗೆ ನುಸುಳಿ, ಕೂಲರ್ ಇದ್ದ ಕಂಪ್ಯೂಟರ್ ಡಬ್ಬಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮುದುಡಿಕೊಂಡೆ. ಪರೀಕ್ಷೆ ಮುಗಿದು ಬಾಗಿಲು ತೆರೆದೊಡನೆ ವಿಲನ್ ದನಿಯಲ್ಲಿ, "ಲೆಕ್ಕ ಇನ್ನೂ ಬಾಕಿ ಇದೆ ತಂಗಿ," ಎಂದು ಹಾರಬೇಕು. ಅಷ್ಟೇ ಪ್ಲಾನು.

ಅಕ್ಕ ಬಂದಳು, ಎರಡು ಸ್ಕ್ರೂ ತಿರುಗಿಸಿದಳು, ಲೈಟ್ ಆರಿಸಿ ಬಾಗಿಲು ಹಾಕಿಕೊಂಡು ಹೋದಳು.

ಮೊದಲ ನಿಮಿಷ ನಗು ತಡೆದುಕೊಂಡೆ. ಎರಡನೆಯ ನಿಮಿಷಕ್ಕೆ ಯಾರೋ ಬಾಗಿಲು ಬಡಿಯುತ್ತಿದ್ದರು. ದಡ್, ದಡ್. ಬಾಗಿಲಲ್ಲ, ನನ್ನ ಎದೆ. ಎಂಜಲು ನುಂಗಿದರೆ ಬಾವಿಗೆ ಕೊಡ ಬಿದ್ದಂತೆ ಕೇಳಿಸಿತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲೆ. ಆಗಲೇ ನನ್ನ ಕುತ್ತಿಗೆಯ ಮೇಲೆ ಯಾರೋ ಉಸಿರು ಬಿಟ್ಟರು. ಬೆಚ್ಚಗಿನ ಉಸಿರು.

"ಅಕ್ಕಾ," ಎಂದೆ. ಸ್ಪಂಜು ಆ ಮಾತನ್ನು ತುಟಿಯ ಹತ್ತಿರವೇ ನುಂಗಿಹಾಕಿತು.

ಮುಂದೆ ಸರಿಯಲು ಜಾಗವಿಲ್ಲ. ಅಂಗಿಯ ಕಾಲರನ್ನು ತಲೆಯ ಮೇಲೆಳೆದುಕೊಂಡು ಬೆನ್ನು ಗೂನು ಮಾಡಿ ಕುಳಿತೆ. ಉಸಿರು ಇನ್ನೂ ಬಿಸಿಯಾಯಿತು. ಮುದುಡಿದಷ್ಟೂ ಅದು ಗುರುಗುಟ್ಟಿತು. ನನ್ನ ಬಾಯಿಗೆ ಒಂದು ಡೈಲಾಗೂ ಬರಲಿಲ್ಲ. ಬಂದದ್ದು "ಅಮ್ಮ" ಒಂದೇ.

ಕೊನೆಗೂ ಲೈಟ್ ಬಂತು. ಬಾಗಿಲಲ್ಲಿ ಅಕ್ಕ, ಜೊತೆಗೆ ನಾವು ಬೆನ್ನ ಹಿಂದೆ ಸ್ಟಾಪ್‌ವಾಚ್ ಎಂದು ಕರೆಯುವ ಮ್ಯಾನೇಜರು.

"ತೊಂಬತ್ತೊಂದು ಡಿಗ್ರಿ, ಮೂವತ್ತೆಂಟು ಡೆಸಿಬಲ್," ಎಂದರು ಅವರು. "ಇದೇನಮ್ಮ, ಕೂಲರಾ, ಹಿಟ್ಟಿನ ಗಿರಣಿನಾ?"

"ನಿನ್ನೆ ಎಪ್ಪತ್ತೇ ಇತ್ತು ಸರ್. ಇನ್ನೊಂದ್ಸಲ ನೋಡೋಣ."

"ನೋಡಿದ್ದಾಯ್ತಲ್ಲ. ಫೇಲ್ ಅಂತ ಬರ್ದುಬಿಡು. ನಡಿ."

ಅಕ್ಕ ಮೂಗೆಳೆದ ಸದ್ದು ಕೇಳಿಸಿತು. ಆಗ ನನಗೆ ಹೊಳೆಯಿತು. ಕುತ್ತಿಗೆಯ ಮೇಲೆ ಉಸಿರಾಡಿದ ದೆವ್ವ ಅಕ್ಕನ ಕೂಲರೇ. ಡಬ್ಬದ ಬಿಸಿಗಾಳಿ ಹೊರಗೆ ಹೋಗುವ ಜಾಲರಿಗೆ ನಾನು ಬೆನ್ನು ಕೊಟ್ಟು ಕುಳಿತಿದ್ದೆ. ಗಾಳಿ ಹೋಗದೆ ಬಿಸಿ ಏರಿತ್ತು. ಬಿಸಿ ಏರಿದಷ್ಟೂ ಫ್ಯಾನು ಜೋರಾಗಿ ತಿರುಗಿ ಅರಚಿತ್ತು.

ಎದ್ದು ನಿಂತೆ.

"ಫೇಲ್ ಆಗಿರೋದು ಕೂಲರ್ ಅಲ್ಲ ಸರ್, ನಾನು. ಜಾಲರಿಗೆ ಬೆನ್ನು ಅಡ್ಡ ಇಟ್ಟಿದ್ದೆ."

"ಲೋ ಕೋತಿ, ಎಷ್ಟೊತ್ತಿಂದ ಇದೀಯೋ ಒಳಗೆ?" ಎಂದಳು ಅಕ್ಕ.

"ಹುಟ್ಟಿದಾಗಿಂದ ಇದ್ದ ಹಾಗಿದೆ ಅಕ್ಕ."

ಮತ್ತೆ ಪರೀಕ್ಷೆ ಮಾಡಿದರು. ಎಪ್ಪತ್ತೊಂದು ಡಿಗ್ರಿ, ಇಪ್ಪತ್ಮೂರು ಡೆಸಿಬಲ್. ಅಕ್ಕ ಪಾಸು, ನನಗೆ ಮೂರು ದಿನ ಮನೆವಾಸ.

ಊಟಕ್ಕೆ ಕುಳಿತಾಗ ಅಕ್ಕ ಅಮ್ಮನಿಗೆ ಹೇಳಿದಳು: "ಸುಮ್ನೆ ಅಡಗಿಕೊಂಡೇ ಇದ್ದಿದ್ರೆ ಇವನ ವಿಷಯ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನನಗೋಸ್ಕರ ಎದ್ದು ಬಂದ ಕಣಮ್ಮ." ಅಮ್ಮ ನನ್ನ ತಲೆ ಸವರಿದಳು. ನಾನು ತಟ್ಟೆಯಿಂದ ತಲೆ ಎತ್ತದೆ ಅನ್ನ ಕಲಸುತ್ತಲೇ ಇದ್ದೆ.

ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಅಕ್ಕ ಮೂಗೆಳೆದಾಗಲೂ ನಾನು ಕೂತೇ ಇದ್ದೆ. ಇಬ್ಬರೂ ಹೋಗಲಿ, ಆಮೇಲೆ ಜಾರಿಕೊಳ್ಳೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಸ್ಟಾಪ್‌ವಾಚ್ ಲೈಟ್ ಆರಿಸಲು ಸ್ವಿಚ್ಚಿನ ಮೇಲೆ ಬೆರಳಿಟ್ಟರು.

ಅದಕ್ಕೇ ಎದ್ದೆ.