ಹಿತ್ತಾಳೆಯ ಬಿಲ್ಲೆ

ಶರ್ಟಿನ ಕಾಲರ್ ಹೊಲಿಯುವ ಸಾಲನ್ನು ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರಮ್ಮನನ್ನು ಹುಡುಗಿಯರು ಎದುರಿಗೆ ‘ಅಕ್ಕ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಗಡಿಯಾರದಕ್ಕ’. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಗೋಡೆಯ ಗಡಿಯಾರ ಕೆಟ್ಟು ನಿಂತರೂ ಅವಳ ಚಪ್ಪಾಳೆ ನಿಲ್ಲುವುದಿಲ್ಲ ಅಂತ ಇಡೀ ಕಾರ್ಖಾನೆಗೆ ಗೊತ್ತು. ಯಾರಾದರೂ ಮಿಷನ್ ಬಿಟ್ಟು ಎದ್ದರೋ, ಪಟ್ ಪಟ್, ಎರಡು ಚಪ್ಪಾಳೆ. ಕೂತ್ಕೋ ಎಂದರ್ಥ. ಬೈದು ಗಂಟಲು ನೋಯಿಸಿಕೊಳ್ಳುವ ಗೋಜೇ ಇಲ್ಲ.

ಅವಳ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆಯ ಬಿಲ್ಲೆ ಸದಾ ತೂಗುತ್ತಿತ್ತು. ಮೂವತ್ತು ಜನರ ಸಾಲಿಗೆ ಅದೊಂದೇ. ಶೌಚಾಲಯಕ್ಕೆ ಹೋಗಬೇಕಾದವಳು ಕೈ ಎತ್ತಿ ಕೇಳಬೇಕು, ಬಿಲ್ಲೆ ಇಸಿದುಕೊಂಡು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದ ತಕ್ಷಣ ವಾಪಸ್ ಕೊಡಬೇಕು. ಬಿಲ್ಲೆ ಇಲ್ಲದೆ ಆ ಬಾಗಿಲ ಹತ್ತಿರ ಕಂಡವಳಿಗೆ ಅರ್ಧ ದಿನದ ಹಾಜರಿ ಹೋಯಿತೆಂದೇ ಲೆಕ್ಕ. ನಿಯಮ ಮಾಡಿದ್ದು ಮೇಲಿನವರು, ನಿಜ. ಆದರೆ ಯಾರಿಗೆ ಯಾವಾಗ ಕೊಡಬೇಕು ಅನ್ನುವುದು ಗಡಿಯಾರದಕ್ಕನ ಮರ್ಜಿ.

ಹಾಗಂತ ಅವಳು ಕಟುಕಳಲ್ಲ, ಮಾರಾಯರೇ. ಯಾರಿಗಾದರೂ ಜ್ವರ ಬಂದರೆ ತನ್ನ ಚೀಲದಿಂದಲೇ ಮಾತ್ರೆ ಕೊಡುತ್ತಿದ್ದಳು. ಬಟನ್ ಹೊಲಿಯುವ ಮುದುಕಿಗೆ, ಎಲ್ಲರೂ ‘ಗುಂಡಿ ಅಜ್ಜಿ’ ಅನ್ನುವವಳಿಗೆ, ಕಣ್ಣು ಕಾಣದ ದಿನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅವಳು ಒಂದೇ ಒಂದು ಮಾತಿಗೆ ಹೆದರುತ್ತಿದ್ದಳು: ‘ತನ್ನ ಮನೆಯವಳಿಗೆ ಸಲಿಗೆ ಕೊಟ್ಟಳು’ ಎಂಬ ಮಾತಿಗೆ. ಏಕೆಂದರೆ ಏಳನೇ ಮಿಷನ್ನಿನಲ್ಲಿ ಕೂತವಳು ಪುಟ್ಟಿ.

ಪುಟ್ಟಿ ಅವಳ ತಂಗಿಯ ಮಗಳು. ತಂಗಿ ತೀರಿಕೊಂಡಾಗ ನಾಲ್ಕು ವರ್ಷದ ಕೂಸು. ಎತ್ತಿಕೊಂಡು ಬಂದು, ತುತ್ತು ಕಲಸಿ ಬಾಯಿಗಿಟ್ಟು ಬೆಳೆಸಿದವಳು ಈ ದೊಡ್ಡಮ್ಮನೇ. ಹದಿನೆಂಟು ತುಂಬಿದ ಮೇಲೆ, ಹೋದ ವರ್ಷ, ಸಾಲಿಗೆ ಸೇರಿಸಿದಳು. ಸೇರಿಸಿದ ಮೊದಲ ದಿನವೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು: ಇವಳಿಗೆ ಎಲ್ಲರಿಗಿಂತ ಬಿಗಿ, ಎಲ್ಲರಿಗಿಂತ ಕೊನೆಗೆ. ಬಿಲ್ಲೆಯೂ ಅಷ್ಟೇ. ಬೇರೆಯವರು ಕೇಳಿದ್ದರೆ ಮೊದಲು ಅವರಿಗೆ, ಆಮೇಲೆ ಪುಟ್ಟಿಗೆ. ಇದನ್ನು ಅವಳು ನ್ಯಾಯ ಅಂದುಕೊಂಡಿದ್ದಳು. ಹೆಮ್ಮೆಯೂ ಇತ್ತು ಅನ್ನಿ.

ಮನೆಯಲ್ಲಂತೂ ಹುಡುಗಿ ಅಪರಂಜಿ. ಒಂದು ವರ್ಷದಿಂದೀಚೆಗೆ ಬಾತ್‌ರೂಮಿಗೆ ಹೋಗುವಾಗಲೂ ಒಂದು ಬೆರಳೆತ್ತಿ, “ದೊಡ್ಡಮ್ಮ, ಹೋಗ್ಲಾ?” ಅಂತ ಕೇಳಿಯೇ ಹೋಗುತ್ತಿದ್ದಳು. ದೊಡ್ಡಮ್ಮ ಪಕ್ಕದ ಮನೆಯವಳ ಮುಂದೆ ಮುಖ ಇಷ್ಟಗಲ ಮಾಡಿಕೊಂಡು, “ನೋಡ್ರೀ, ಈ ಕಾಲದಲ್ಲಿ ಇಂಥ ಮಗು ಎಲ್ಲಿ ಸಿಗುತ್ತೆ? ಕೇಳ್ದೆ ಬಾತ್‌ರೂಮಿಗೂ ಹೋಗಲ್ಲ!” ಅಂದಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಂಥ ಪುಟ್ಟಿ ಎರಡು ತಿಂಗಳಿಂದ ತೀರಾ ಬೇಕಾದ್ದು ಬಿಟ್ಟು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಂದು ಸಂಜೆ, ಧಗಧಗ ಸೆಕೆಯಲ್ಲಿ, ಸೊಂಟಕ್ಕೆ ಸ್ವೆಟರ್ ಕಟ್ಟಿಕೊಂಡು ಮನೆಗೆ ಬಂದವಳು ನೇರವಾಗಿ ಬಟ್ಟೆ ಒಗೆಯಲು ಕೂತಳು. “ಇದೇನೇ ಹೊಸ ಫ್ಯಾಷನ್ನು?” ಅಂತ ದೊಡ್ಡಮ್ಮ ಛೇಡಿಸಿದಳು. ಪುಟ್ಟಿ ಬಟ್ಟೆಗೆ ಇನ್ನಷ್ಟು ಸೋಪು ಹಚ್ಚಿದಳು. ಇನ್ನೊಂದು ವಾರಕ್ಕೆ ಮತ್ತೆ ಅದೇ ಸ್ವೆಟರ್, ಅದೇ ಒಗೆತ. “ಸೋಪು ಪುಕ್ಕಟೆ ಬರುತ್ತೇನೇ?” ಅಂತ ರೇಗಿದಳು. ಆಮೇಲೊಂದು ಬೆಳಿಗ್ಗೆ ಮಂಚದ ಕೆಳಗೆ ತುಂಬಿಟ್ಟ ಬ್ಯಾಗು ಕಂಡಿತು. ಜೊತೆಗಾತಿಯರ ರೂಮಿಗೆ ಹೋಗುತ್ತಾಳಂತೆ. ಯಾಕೇ ಅಂದರೆ, ಸುಮ್ಮನೆ ಅನ್ನುತ್ತಾಳೆ. ದೊಡ್ಡಮ್ಮನಿಗೆ, ತನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೂ ಇರುವುದೊಂದೇ ಜೀವ. ಅದೂ ಕೈ ಬಿಟ್ಟರೆ ಮನೆಯಲ್ಲಿ ಯಾರ ಮುಖ ನೋಡುವುದು?

ಆ ಹೊತ್ತಿಗೆ ಸರಿಯಾಗಿ ಕಾರ್ಖಾನೆಗೆ ಬಂದವಳು ಕ್ರಾಪಿನ ಮೇಡಂ. ಕೂದಲು ಗಂಡಸರ ಹಾಗೆ ಕತ್ತರಿಸಿಕೊಂಡ ಕಲಾವಿದೆ. ಹಳೇ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಭಾನುವಾರ ಅಲ್ಲೊಂದು ಪ್ರದರ್ಶನ ಮಾಡುತ್ತೇನೆ, ಹನ್ನೆರಡು ಜನ ಬೇಕು ಎಂದಳು.

“ನಾಟಕ ಅಲ್ಲ. ಮಾತು ಕಲಿಯೋದೇನೂ ಇಲ್ಲ. ದಿನಾ ಏನು ಮಾಡ್ತೀರೋ ಅದನ್ನೇ ಮೂರು ಗಂಟೆ ಜನರ ಮುಂದೆ ಮಾಡಿ. ಇದೂ ಒಂದು ಕಲೆ.”

“ನಾವು ಮಾಡೋದು ಕಲೆ ಅಂತ ಮೊದ್ಲೇ ಗೊತ್ತಿದ್ದಿದ್ರೆ, ಇಷ್ಟು ವರ್ಷ ಬೈಸ್ಕೊಳ್ತಾನೇ ಇರ್ಲಿಲ್ಲ ಬಿಡಿ,” ಅಂದಳು ಗುಂಡಿ ಅಜ್ಜಿ. ಎಲ್ಲರೂ ಘೊಳ್ಳೆಂದು ನಕ್ಕರು.

ಗಡಿಯಾರದಕ್ಕನಿಗೆ ಇದೆಲ್ಲ ಹುಚ್ಚಾಟ ಅನ್ನಿಸಿತ್ತು. ಆದರೆ ಪುಟ್ಟಿ ಎರಡು ತಿಂಗಳ ಮೇಲೆ ತಾನಾಗಿಯೇ ಬಾಯಿ ಬಿಟ್ಟು, “ನೀನೂ ಬಾ ದೊಡ್ಡಮ್ಮ. ಇದೊಂದು ಮುಗಿಸ್ಕೊಂಡು ಆಮೇಲೆ ಹೋಗ್ತೀನಿ,” ಅಂದಳು. ಅಷ್ಟು ಸಾಕಾಯಿತು. ತಾನೂ ಹೋಗಿ, ಸಾಲನ್ನು ಚೆನ್ನಾಗಿ ನಡೆಸಿ ತೋರಿಸಿದರೆ, ನಾಲ್ಕು ಜನ ಭೇಷ್ ಅಂದರೆ, ಹುಡುಗಿಯ ಮನಸ್ಸು ಕರಗೀತು ಅಂತ ಲೆಕ್ಕ ಹಾಕಿದಳು.

ಭಾನುವಾರ ಮಧ್ಯಾಹ್ನ ಗೋದಾಮಿನ ನಡುವೆ ಹನ್ನೆರಡು ಮಿಷನ್ನು, ಸುತ್ತ ಕುರ್ಚಿ, ಕುರ್ಚಿಗಳ ತುಂಬ ಜನ. ಮೇಡಂ ಒಂದೊಂದೇ ಮಿಷನ್ನಿನಿಂದ ದಾರದ ಉಂಡೆ ತೆಗೆದಿಟ್ಟಳು.

“ಇದೇನ್ರೀ ಮೇಡಂ, ದಾರ ಇಲ್ದೆ ಹೊಲಿಗೆ ಏನು ಬಂತು?” ಗಡಿಯಾರದಕ್ಕ ಹುಬ್ಬು ಗಂಟಿಕ್ಕಿದಳು.

“ದಾರ ಬೇಡ ಅಕ್ಕಾ. ಬರೀ ಕೆಲಸ ಕಾಣ್ಲಿ. ಇನ್ನೊಂದು ಮಾತು, ಎಲ್ಲರೂ ಕೇಳಿ. ಆ ಎಡಗಡೆ ಬಾಗಿಲು ತೆಗ್ದೇ ಇರುತ್ತೆ. ಟಾಯ್ಲೆಟ್ಟೂ ಅಲ್ಲೇ ಇದೆ. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಎದ್ದು ಹೋಗ್ಬಹುದು.”

ಎಲ್ಲರೂ ತಲೆಯಾಡಿಸಿದರು. ಯಾರ ತಲೆಯೊಳಗೂ ಅದು ಇಳಿಯಲಿಲ್ಲ.

ಗಂಟೆ ಹೊಡೆಯಿತು, ಮಿಷನ್ನುಗಳು ಗುರ್ ಎಂದವು. ಸೂಜಿ ಬಟ್ಟೆಯ ಮೇಲೆ ತೂತು ಕೊರೆಯುತ್ತ ಹೋಗುತ್ತಿತ್ತು, ಹೊಲಿಗೆ ಬೀಳುತ್ತಿರಲಿಲ್ಲ. ಗಡಿಯಾರದಕ್ಕ ಎರಡು ಸಾಲಿನ ನಡುವೆ ಓಡಾಡುತ್ತ ಕಾಲರ್ ಎಣಿಸಿದಳು. ಗಂಟೆಗೆ ಅರವತ್ತು ಆಗಲೇಬೇಕು, ಯಾರ ಎದುರಿಗಾದರೂ ಸರಿಯೇ. ಅರ್ಧ ಗಂಟೆಯಾದಾಗ ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪನೆಯ ಮಹಾಶಯರೊಬ್ಬರು ಹೊರಗೆ ಹೋಗಲು ಎದ್ದರು. ಅಭ್ಯಾಸ ಬಿಡಬೇಕಲ್ಲ, ಪಟ್ ಪಟ್! ಮಹಾಶಯರು ಧೊಪ್ಪನೆ ಕೂತುಬಿಟ್ಟರು. ಇಡೀ ಗೋದಾಮು ಬಿದ್ದು ಬಿದ್ದು ನಕ್ಕಿತು. ಗಡಿಯಾರದಕ್ಕ ಉಬ್ಬಿ ಹೋದಳು, ಓರೆಗಣ್ಣಿನಲ್ಲಿ ಪುಟ್ಟಿಯ ಕಡೆ ನೋಡಿದಳು. ಪುಟ್ಟಿ ನಗಲಿಲ್ಲ.

ಎರಡನೇ ಗಂಟೆಯಲ್ಲಿ ಇಬ್ಬರು ಬಿಲ್ಲೆ ಕೇಳಿದರು, ಒಬ್ಬರಾದ ಮೇಲೆ ಒಬ್ಬರಿಗೆ ಕೊಟ್ಟಳು. ಮೂರನೇ ಗಂಟೆಗೆ ಕಾಲಿಟ್ಟಾಗ ಏಳನೇ ಮಿಷನ್ನಿನಿಂದ ಒಂದು ಬೆರಳು ಮೇಲೆದ್ದಿತು.

“ಆ ಬಂಡಲ್ ಮುಗ್ಸು ಮೊದ್ಲು,” ಅಂದಳು ದೊಡ್ಡಮ್ಮ.

ಅರ್ಧ ಗಂಟೆ ಕಳೆದ ಮೇಲೆ ಗುಂಡಿ ಅಜ್ಜಿ ಕೇಳಿದಳು. ವಯಸ್ಸಾದವಳು, ಪಾಪ, ಬಿಲ್ಲೆ ಅಜ್ಜಿಗೆ ಹೋಯಿತು, ವಾಪಸ್ ಬಂತು. ಬೆರಳು ಮತ್ತೆ ಎದ್ದಿತು.

“ಐವತ್ತೆರಡಾಗಿದೆ. ಇನ್ನೆಂಟು ಕಾಲರ್‌ಗೆ ಏನೇ ಅವಸರ ನಿಂದು?”

ಮೂರನೇ ಸಲ ಪುಟ್ಟಿ ಬೆರಳೆತ್ತಿದ್ದಷ್ಟೇ ಅಲ್ಲ, ಅರ್ಧ ಎದ್ದೂ ಎದ್ದಳು. ಜನ ನೋಡುತ್ತಿದ್ದರು. ಇಷ್ಟು ಜನರ ಎದುರಿಗೆ ಮನೆಯ ಹುಡುಗಿಗೇ ಸಲಿಗೆ ಕೊಟ್ಟರೆ ಏನೆಂದಾರು? ಪಟ್ ಪಟ್.

ಪುಟ್ಟಿ ಕೂತಳು.

ಏಳನೇ ಮಿಷನ್ನಿನ ಸದ್ದು ನಿಂತಿದ್ದನ್ನು ಗಡಿಯಾರದಕ್ಕನ ಕಿವಿ ಮೊದಲು ಹಿಡಿಯಿತು. ತಿರುಗಿ ನೋಡಿದಳು. ಕುರ್ಚಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ಹರಿದು ಪೆಡಲಿನ ಕೆಳಗೆ ಹೋಗುತ್ತಿತ್ತು. ಪುಟ್ಟಿ ಎರಡೂ ಕೈಯಲ್ಲಿ ಮಿಷನ್ನಿನ ಹಲಗೆ ಹಿಡಿದುಕೊಂಡು ನೆಟ್ಟಗೆ ಕೂತಿದ್ದಳು.

ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು, ಮತ್ತೊಬ್ಬರು, ಆಮೇಲೆ ಸುತ್ತೆಲ್ಲ. ಅಯ್ಯೋ ದೇವರೇ, ಅವರಿಗೆ ಅದು ಆಟ!

ಗಡಿಯಾರದಕ್ಕನಿಗೂ ಮೊದಲು ಹಾಗೇ ಅನ್ನಿಸಿದ್ದು. ಸಿಟ್ಟು ನೆತ್ತಿಗೇರಿತು. ಜನರ ಮುಂದೆ ತನ್ನ ಮಾನ ಹರಾಜು ಹಾಕಲಿಕ್ಕೇ ಇವಳು ಕರೆತಂದದ್ದು ಅಂದುಕೊಂಡು ದಾಪುಗಾಲಿಟ್ಟು ಬಂದಳು. ಹತ್ತಿರ ಬಂದಾಗ ಹುಡುಗಿಯ ಹಲ್ಲು ಕಚ್ಚಿ ಹಿಡಿದ ದವಡೆ ಕಂಡಿತು.

“ಏನೇ ಇದು? ಇದೂ ಆ ಮೇಡಂ ಹೇಳ್ಕೊಟ್ಟಿದ್ದಾ?”

“ಇಲ್ಲ ದೊಡ್ಡಮ್ಮ. ತಡ್ಕೊಳಕ್ಕಾಗ್ಲಿಲ್ಲ.”

“ಎದ್ದು ಹೋಗ್ಬಾರ್ದಿತ್ತೇನೇ? ಬಾಗಿಲು ತೆಗ್ದೇ ಇತ್ತಲ್ಲೇ!”

“ಬಿಲ್ಲೆ ನಿನ್ ಕೊರಳಲ್ಲಿತ್ತಲ್ಲ.” ಪುಟ್ಟಿ ತಲೆ ಎತ್ತಿ ನೋಡಿದಳು. “ಇದು ಮೂರನೇ ಸಲ. ಮೊದಲೆರಡು ಸಲ ನೀನು ನೋಡ್ಲಿಲ್ಲ, ಸ್ವೆಟರ್ ಕಟ್ಕೊಂಡಿದ್ದೆ.”

ದೊಡ್ಡಮ್ಮನಿಗೆ ನೆನಪಾಯಿತು. ಧಗಧಗ ಸೆಕೆಯ ಆ ಸಂಜೆ. ಆ ಒಗೆತ. ಸೋಪು ಪುಕ್ಕಟೆ ಬರುತ್ತೇನೇ ಅಂದ ತನ್ನದೇ ದನಿ.

“ನನಗೊಂದು ಮಾತು ಹೇಳ್ಬಾರ್ದಿತ್ತಾ ಕಂದಾ?”

“ಕೇಳಿದ್ನಲ್ಲ ದೊಡ್ಡಮ್ಮ. ಮೂರು ಸಲಾನೂ ಕೈ ಎತ್ತಿ ಕೇಳಿದ್ನಲ್ಲ.”

ಏನಾದರೂ ಹಿಡಿದುಕೊಳ್ಳಬೇಕಾಗಿತ್ತು, ಪುಟ್ಟಿಯ ಮುಂದಿದ್ದ ಕಾಲರ್‌ಗಳ ರಾಶಿಗೆ ಕೈ ಊರಿದಳು. ಮೇಲಿನ ಕಾಲರ್ ಕೈಯಲ್ಲೇ ಎರಡು ತುಂಡಾಗಿ ಬಿಚ್ಚಿಕೊಂಡಿತು. ಅದರ ಕೆಳಗಿನದೂ ಹಾಗೇ. ಒಂದಕ್ಕೂ ದಾರವಿರಲಿಲ್ಲ. ಇಂಥ ಐವತ್ತೆರಡನ್ನು ಎಣಿಸಿದ್ದಳು ಅವಳು. ಇನ್ನೆಂಟಕ್ಕೋಸ್ಕರ ಮಗಳನ್ನು ಕೂರಿಸಿದ್ದಳು. ಯಾವ ಅಂಗಡಿಗೂ ಹೋಗದ, ಯಾರ ಮೈಗೂ ಏರದ ಎಂಟು ಕಾಲರ್!

ಇಷ್ಟಾದರೂ ಉಳಿದ ಹನ್ನೊಂದು ಮಿಷನ್ನುಗಳು ಗುರ್ ಎನ್ನುತ್ತಲೇ ಇದ್ದವು. ಹುಡುಗಿಯರ ಕಣ್ಣಲ್ಲಿ ನೀರಿತ್ತು, ಕಾಲು ಪೆಡಲ್ ಬಿಟ್ಟಿರಲಿಲ್ಲ.

“ಏಳ್ರೇ! ಸಾಕು, ಏಳ್ರೇ ಎಲ್ರೂ!” ಕಿರುಚಿದಳು. ಒಬ್ಬಳೂ ಏಳಲಿಲ್ಲ. ಎಲ್ಲರೂ ಅವಳ ಕೊರಳನ್ನು ನೋಡಿದರು, ಆಮೇಲೆ ಗೋಡೆಯ ಗಡಿಯಾರವನ್ನು. ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು.

ಕ್ರಾಪಿನ ಮೇಡಂ ಟವೆಲ್ ಹಿಡಿದುಕೊಂಡು ಓಡಿ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. “ಯಾರಾದ್ರೂ ಎದ್ದು ಹೋಗ್ತೀರಿ ಅಂದ್ಕೊಂಡಿದ್ದೆ ಅಕ್ಕಾ,” ಎಂದಳು, “ಅದೇ ಕೊನೆ ಅಂದ್ಕೊಂಡಿದ್ದೆ. ಬಾಗಿಲು ತೆಗ್ದಿಟ್ಟಿದ್ದೇ ಅದಕ್ಕೆ.” ಆಮೇಲೆ ತಾನೇ ಕೂತು ನೆಲ ಒರೆಸಲು ಶುರು ಮಾಡಿದಳು. ಜನರ ಚಪ್ಪಾಳೆ ಅಷ್ಟು ಹೊತ್ತಿಗೆ ನಿಂತಿತ್ತು. ಆ ದಪ್ಪನೆಯ ಮಹಾಶಯರು ತಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕೂತಿದ್ದರು.

ದೊಡ್ಡಮ್ಮ, ಮಗಳು ಬಸ್ಸಿನಲ್ಲಿ ನಿಂತೇ ಮನೆಗೆ ಬಂದರು. ಸೀಟು ಖಾಲಿ ಇತ್ತು, ಪುಟ್ಟಿ ಕೂರಲಿಲ್ಲ, ಹಾಗಾಗಿ ದೊಡ್ಡಮ್ಮನೂ ಕೂರಲಿಲ್ಲ. ಪುಟ್ಟಿಯ ಸೊಂಟಕ್ಕೆ ಅದೇ ಸ್ವೆಟರ್ ಸುತ್ತಿತ್ತು.

ಬಾಗಿಲು ತೆಗೆದು ಒಳಗೆ ಬಂದಾಗ ಪುಟ್ಟಿ, “ಬಟ್ಟೆ ಬದಲಾಯಿಸ್ಕೊಂಡು ಹೋಗ್ತೀನಿ,” ಅಂದಳು. ಗಟ್ಟಿ ದನಿ. ಇನ್ನು ಈ ಹುಡುಗಿ ನಿಲ್ಲುವವಳಲ್ಲ ಅಂತ ದೊಡ್ಡಮ್ಮನಿಗೆ ಗೊತ್ತಾಯಿತು. ಆದರೂ ಒಳಗೊಳಗೇ, ಕಾಲಿಗೆ ಬಿದ್ದಾದರೂ ನಿಲ್ಲಿಸಿಕೊಳ್ಳಬೇಕು, ಸೂಪರ್‌ವೈಸರ್ ಕೆಲಸ ನಾಳೆಯೇ ಬಿಟ್ಟು ಬಿಡುತ್ತೇನೆ ಅನ್ನಬೇಕು, ಅನ್ನಿಸುತ್ತಲೇ ಇತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತಳು.

ಪುಟ್ಟಿ ಒಣಗಿದ ಬಟ್ಟೆ ತೆಗೆದುಕೊಂಡು ಬಾತ್‌ರೂಮಿನ ಬಾಗಿಲಿಗೆ ಹೋದಳು. ಬಾಗಿಲು ತೆರೆದೇ ಇತ್ತು. ಹೊಸಿಲಿನ ಹತ್ತಿರ ನಿಂತಳು. ತಿರುಗಿದಳು. ಒಂದು ಬೆರಳು ಮೇಲೆದ್ದಿತು.

“ದೊಡ್ಡಮ್ಮ, ಹೋಗ್ಲಾ?”

ದೊಡ್ಡಮ್ಮನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಬಿಲ್ಲೆ ಇನ್ನೂ ಅಲ್ಲೇ ಇತ್ತು, ಮೈಯ ಬಿಸಿಗೆ ಬೆಚ್ಚಗಾಗಿತ್ತು. ಒಂದು ವರ್ಷದಿಂದ ಈ ಬೆರಳನ್ನು ನೋಡಿ ಹಿಗ್ಗಿದ್ದಳಲ್ಲ ತಾನು! ಪಕ್ಕದ ಮನೆಯವಳ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳಲ್ಲ! ಹೋಗು ಅನ್ನಲು ಬಾಯಿ ತೆರೆದವಳು ತಡೆದುಕೊಂಡಳು. ಅದನ್ನು ಅಂದರೂ ಅಪ್ಪಣೆ ಕೊಟ್ಟಂತೆಯೇ ಆಗುತ್ತಿತ್ತು. ಹುಡುಗಿ ಕಾಯುತ್ತ ನಿಂತಿದ್ದಳು.

“ಕೇಳ್ಬೇಡ ಕಣೇ,” ಅಂತ ಕೊನೆಗೆ ಅಳು ಒತ್ತರಿಸಿ ಬಂತು, “ನನ್ನನ್ನ ಕೇಳ್ಬೇಡ ತಾಯಿ, ಇನ್ ಯಾವತ್ತೂ ಕೇಳ್ಬೇಡ.”

ಪುಟ್ಟಿ ತನ್ನ ಬೆರಳನ್ನು ತಾನೇ ನೋಡಿಕೊಂಡಳು. ಅದು ಯಾವಾಗ ಮೇಲೆದ್ದಿತೋ ಅವಳಿಗೂ ಗೊತ್ತಿರಲಿಲ್ಲ. ಮೆಲ್ಲಗೆ ಇಳಿಸಿ, ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ನೀರಿನ ಸದ್ದು ಶುರುವಾದ ಮೇಲೆ ದೊಡ್ಡಮ್ಮ ಎದ್ದಳು. ಮಂಚದ ಕೆಳಗೆ ಬಗ್ಗಿ ಆ ಬ್ಯಾಗನ್ನು ತಾನೇ ಎಳೆದುಕೊಂಡು ಬಂದು ಹೊರಬಾಗಿಲ ಹತ್ತಿರ ಇಟ್ಟಳು.