ತಿರುಗದ ಕತ್ತು

ಸತ್ತಿ ಗ್ರಾಮದ ಸೀಮಾ ಮೂವತ್ತೆಂಟನೆಯ ವಯಸ್ಸಿನಲ್ಲಿ ರೇಸ್ ಸೈಕಲ್ಲು ಹತ್ತಿದಳು. ಗಂಡ ವಿಶಾಲನ ಜೊತೆ ದ್ರಾಕ್ಷಿ ತೋಟ ನೋಡಿಕೊಳ್ಳುತ್ತ, ಬಳ್ಳಿ ಸವರುವ ಚಾಟಣಿ, ಔಷಧಿ, ಕೊಯ್ಲು ಎಂದು ಹದಿನೈದು ವರ್ಷ ಕಳೆದಿದ್ದವಳು. "ಮುಂಜಾನೆ ಒಂದ ತಾಸ ನನಗಂತ ಬೇಕ ನೋಡ್ರಿ" ಎಂದು ಗಂಡನಿಗೆ ಹೇಳಿ, ಅಥಣಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಬಾಳಾಸಾಬನಿಂದ ಬಾಗಿದ ಹ್ಯಾಂಡಲ್ಲಿನ ಹಳೆಯ ನೀಲಿ ಸೈಕಲ್ಲೊಂದನ್ನು ತಂದಳು.

ಮೊದಲ ವಾರದಲ್ಲೇ ಕತ್ತು ಹಿಡಿಯಿತು. ಬಲಗಿವಿಯ ಕೆಳಗಿನಿಂದ ಬೆನ್ನಿನವರೆಗೆ ಯಾರೋ ಹಗ್ಗ ಬಿಗಿದಂತಾಯಿತು. ಅತ್ತೆ ಸಕ್ಕುಬಾಯಿ ಎಣ್ಣೆ ಕಾಯಿಸಿ ತಿಕ್ಕಿದಳು.

"ನಾಕ ದಿನಾ ಬಿಡಬೇ."

"ಈಗ ಬಿಟ್ರ ಮತ್ತ ಹತ್ತೂದ ಆಗೂದಿಲ್ರಿ ಅತ್ತಿ."

ಎರಡನೆಯ ವಾರಕ್ಕೆ ಬಲಕ್ಕೆ ತಿರುಗುವುದೇ ಆಗದಾಯಿತು. ಯಾರಾದರೂ ಕರೆದರೆ ಮೈಯನ್ನೆಲ್ಲ ತಿರುಗಿಸಿ ನೋಡಬೇಕು. ಸದ್ದು ಶುರುವಾದದ್ದು ಅದೇ ವಾರ.

ನದಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ. ಎರಡೂ ಬದಿಗೆ ಆಳೆತ್ತರದ ಕಬ್ಬು. ಅಂದು ಬಿಸಿಲು ಬಿದ್ದಿತ್ತು, ಆದರೆ ನೆಲದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸೀಮಾಳ ಹಿಂದೆ ಇನ್ನೊಂದು ಸೈಕಲ್ಲಿನ ಚೈನು ಕಿರಗುಟ್ಟುವುದು ಕೇಳಿಸಿತು. ಯಾರೋ ತನ್ನನ್ನು ದಾಟಿ ಹೋಗಬಹುದೆಂದು ಬದಿಗೆ ಸರಿದಳು. ಯಾರೂ ದಾಟಲಿಲ್ಲ. ಹಿಂದೆ ನೋಡೋಣವೆಂದರೆ ಕತ್ತು ತಿರುಗಲಿಲ್ಲ. ಅವಳು ನಿಂತಳು, ಸದ್ದೂ ನಿಂತಿತು. ಇಳಿದು, ಮೈ ತಿರುಗಿಸಿ ನೋಡಿದಳು. ಖಾಲಿ ರಸ್ತೆ. ಕಬ್ಬಿನ ಗರಿಯೂ ಅಲುಗುತ್ತಿರಲಿಲ್ಲ.

ಮರುದಿನ ಚೈನಿನ ಸದ್ದಿನ ಜೊತೆಗೆ ಉಸಿರೂ ಕೇಳಿಸಿತು. ಮೂರನೆಯ ದಿನ, ಅದೇ ತಿರುವಿನಲ್ಲಿ, ಕಿವಿಯ ಹತ್ತಿರವೇ ಒಂದು ಹೆಣ್ಣುದನಿ:

"ಕುತಗಿ ಬಿಡವಾ."

ಸೀಮಾ ಬ್ರೇಕು ಹಿಡಿದಳು. ಯಾರ ಕುತ್ತಿಗೆ ಯಾರು ಬಿಡಬೇಕು? ನದಿಯ ತನಕ ಹೋಗದೆ, ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದಳು. ಮನೆಯಲ್ಲಿ ಹೇಳಿದರೆ ಸೈಕಲ್ಲೇ ನಿಂತುಹೋದೀತೆಂದು ಬಾಯಿಬಿಡಲಿಲ್ಲ. ಮಧ್ಯಾಹ್ನ ಅದನ್ನು ಟೆಂಪೋದಲ್ಲಿ ಹಾಕಿಸಿ ಅಥಣಿಗೆ ಹೋದಳು.

ಬಾಳಾಸಾಬ ಹರೆಯದಲ್ಲಿ ರೇಸ್ ಓಡಿಸಿದವನು. ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿ ಸುತ್ತ ಒಂದು ಸುತ್ತು ಹಾಕಿದ.

"ತಪ್ಪ ನಂದ ಐತ್ರಿ ವೈನಿ. ನೀವ ಬಣ್ಣಾ ನೋಡಿ ತಗೊಂಡ್ರಿ, ನಾ ಅಳತಿ ನೋಡಲಿಲ್ಲ. ಹ್ಯಾಂಡಲ್ ಭಾಳ ದೂರ ಐತಿ, ಕೆಳಗೂ ಐತಿ. ನೀವ ಬಗ್ಗಿ ಮೊಣಕೈ ಬಿಗಿ ಹಿಡದೀರಿ, ರಸ್ತೆ ಕಾಣಲಿ ಅಂತ ತಲಿ ಎತ್ತೀರಿ. ಭಾರ ಎಲ್ಲಾ ಕುತಗಿ ಮ್ಯಾಲ."

ಅವನು ಹ್ಯಾಂಡಲ್ಲನ್ನು ಬಿಚ್ಚಿ, ಅದನ್ನು ಹಿಡಿದಿದ್ದ ಉದ್ದನೆಯ ತುಂಡಿನ ಬದಲು ಮೋಟು ತುಂಡೊಂದನ್ನು ಹಾಕತೊಡಗಿದ. ಅವಳ ಹೆಲ್ಮೆಟ್ಟಿನ ಮುಂದಿನ ಅಂಚನ್ನೂ ಕಿತ್ತ. ಅದು ಕಣ್ಣಿಗೆ ಅಡ್ಡ ಬಂದು ತಲೆ ಇನ್ನಷ್ಟು ಎತ್ತಿಸುತ್ತಿತ್ತು.

"ಬಾಳಾಸಾಬ, ಇದು ಮೊದಲ ಯಾರದಿತ್ತು? ಆ ತಿರುವಿನ್ಯಾಗ ಯಾರೋ ಕುತಗಿ ಬಿಡವಾ ಅಂತಾರ."

ನಟ್ಟು ಬಿಗಿಯುತ್ತಿದ್ದ ಪಾನಾ ಅವನ ಕೈಯಲ್ಲೇ ನಿಂತಿತು.

"ಸೈಕಲ್ ತಾರಾಬಾಯಿದ, ಮಾತೂ ಆಕೀದ ಐತ್ರಿ. ಶಾಲಿಯಾಗ ಆಟದ ಟೀಚರ್ ಇದ್ಲು. ಹುಡುಗ್ಯಾರಿಗೆ ಸೈಕಲ್ ಕಲಸೂವಾಗ, ಕುತಗಿ ಸಡ್ಲ ಬಿಡ್ಲಿ ಅಂತ ಹಿಂದಿಂದ ಹಂಗ ಒದರ್ತಿದ್ಲು. ಆ ತಿರುವಿನ್ಯಾಗ ಬಿದ್ಲು."

"ಸತ್ತ ಹೋಗ್ಯಾರೇನ್ರಿ?"

"ಇಲ್ರಿ. ಮುಗಳಖೋಡದಾಗ ತಮ್ಮನ ಮನ್ಯಾಗ ಅದಾಳ."

ಆ ಉತ್ತರ ಕೇಳಿ ಸೀಮಾಳಿಗೆ ಇನ್ನಷ್ಟು ಭಯವಾಯಿತು. ಸತ್ತವರಾಗಿದ್ದರೆ ಏನಾದರೊಂದು ಅರ್ಥ ಕಟ್ಟಿಕೊಳ್ಳಬಹುದಿತ್ತು.

ಮರುದಿನ ಬಸ್ಸು ಹಿಡಿದು ಮುಗಳಖೋಡಕ್ಕೆ ಹೋದಳು. ತಾರಾಬಾಯಿ ಕಿಟಕಿಯ ಪಕ್ಕದ ಮಂಚದ ಮೇಲೆ, ಕತ್ತಿಗೆ ಗಟ್ಟಿ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಐವತ್ತರ ಆಸುಪಾಸು, ಒಣಗಿದ ಮೈ, ಚುರುಕು ಕಣ್ಣು. ಸೀಮಾ ಹೆಸರು ಹೇಳಿದಳು, ಊರು ಹೇಳಿದಳು. ತಾರಾಬಾಯಿ ಗುರುತು ಹತ್ತದವಳಂತೆ ನೋಡಿದಳು. ಆಮೇಲೆ, "ಬೆನ್ನ ತಿರುಗಿಸಿ ಇಲ್ಲಿ ಕುಂದ್ರವಾ ಸ್ವಲ್ಪ," ಎಂದಳು.

ಸೀಮಾ ಮಂಚದ ಅಂಚಿಗೆ ಬೆನ್ನು ತಿರುಗಿಸಿ ಕೂತಳು. ಒಣ ಬೆರಳೊಂದು ಅವಳ ಬಲಗಿವಿಯ ಕೆಳಗೆ, ಸರಿಯಾಗಿ ನೋವಿನ ಗಂಟಿನ ಮೇಲೆ ಬಂದು ಕೂತಿತು.

"ನೀನ. ದಿನಾ ಮುಂಜಾನೆ ಕನಸಿನ್ಯಾಗ ನಿನ್ನ ಹಿಂದ ಬರ್ತೇನಿ. ಮಾರಿ ಕಂಡಿಲ್ಲ, ಈ ಕುತಗಿ ಅಷ್ಟ. ಮೂರ ದಿನಾ ಆ ಕಬ್ಬಿನ್ಯಾಗ ಒದರೀನಿ, ಮೂರನೇದಕ್ಕ ನೀ ನಿಂತಿ."

ಸೀಮಾಳಿಗೆ ಓಡಿಹೋಗಬೇಕೆನಿಸಿತು, ಆದರೆ ಆ ಬೆರಳು ಮೆತ್ತಗೆ ಒತ್ತುತ್ತಿದ್ದಲ್ಲಿ ನೋವು ಸಡಿಲವಾಗುತ್ತಿತ್ತು. ಅವಳು ಕೂತಲ್ಲೇ ಕೂತಳು.

"ನಿಮಗೇನಾಗಿತ್ರಿ?"

"ನಿನಗ ಆದದ್ದ. ಮಂದಿಗೆಲ್ಲಾ ಕುತಗಿ ಬಿಡ್ರಿ ಅಂತಿದ್ನಿ, ನಾ ಗುಳಿಗಿ ನುಂಗಿ ಆರ ತಿಂಗಳ ಹಂಗ ಓಡಿಸಿದ್ನಿ. ಹಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೀತು. ತಿರುಗಿ ನೋಡಾಕ ಆಗಲಿಲ್ಲ. ಯಾವ ಬಾಜು ಸರೀಬೇಕು ತಿಳೀಲಿಲ್ಲ, ಕಾಲುವಿಗೆ ಬಿದ್ನಿ."

ಆಮೇಲೆ ತಾರಾಬಾಯಿ ಟೀಚರಾದಳು. ಭುಜ ಕಿವಿಗೆ ಹತ್ತಬಾರದು. ಮೊಣಕೈ ಸ್ವಲ್ಪ ಮಡಚಿರಬೇಕು. ಹ್ಯಾಂಡಲ್ ಹಿಡಿಯುವ ಜಾಗ ಆಗಾಗ ಬದಲಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಗದ್ದವನ್ನು ಎದೆಗೆ ತಂದು, ಎಡಕ್ಕೆ ಬಲಕ್ಕೆ ನಿಧಾನ ಹೊರಳಿಸಬೇಕು. "ಈಗ ಎಂಟ ದಿನಾ ಹತ್ತಬ್ಯಾಡ. ಆಮ್ಯಾಲ ಅರ್ಧಾ ತಾಸ, ಜಾಸ್ತಿ ಇಲ್ಲ." ತಾನು ಮಾಡಲಾಗದ ಒಂದೊಂದನ್ನೂ ಸೀಮಾಳಿಂದ ಮಾಡಿಸಿ ನೋಡಿದಳು.

ಎಂಟು ದಿನ ಬಿಟ್ಟು ಸೀಮಾ ಮತ್ತೆ ಸೈಕಲ್ಲು ಹತ್ತಿದಳು. ತಿರುವು ಬಂತು. ಚೈನು ಕಿರಗುಟ್ಟಿತು, ಉಸಿರು ಹತ್ತಿರವಾಯಿತು. ಅವಳು ಭುಜ ಇಳಿಸಿದಳು, ಮೊಣಕೈ ಸಡಿಲಿಸಿದಳು, ಪೆಡಲು ನಿಲ್ಲಿಸದೆ ಬಲಕ್ಕೆ ತಿರುಗಿ ನೋಡಿದಳು. ಕತ್ತು ತಿರುಗಿತು. ರಸ್ತೆ ಖಾಲಿಯಿತ್ತು. ಆದರೆ ಸದ್ದು ನಿಲ್ಲಲಿಲ್ಲ. ಅವಳ ಪಕ್ಕಕ್ಕೆ ಬಂದು, ತಣ್ಣನೆಯ ಗಾಳಿ ಎಬ್ಬಿಸಿ, ಅವಳನ್ನು ದಾಟಿ ನದಿಯ ಕಡೆಗೆ ಹೋಯಿತು. ಆಮೇಲೆ ಎಂದೂ ಕೇಳಿಸಲಿಲ್ಲ.

ಆ ಭಾನುವಾರ ಅವಳು ಮುಗಳಖೋಡಕ್ಕೆ ಹೋದಾಗ ತಾರಾಬಾಯಿ ಬಾಡಿದ ಮುಖದಿಂದ ಕೂತಿದ್ದಳು.

"ಕನಸ ಬರವಲ್ದು. ಸೂರ್ಯಾ ಏರೂ ತನಾ ಸುಮ್ಮ ನಿದ್ದಿ ಹತ್ತತೈತಿ," ಎಂದಳು.

ಚಹಾ ಬಂತು, ಕುಡಿದರು. ತಾರಾಬಾಯಿಯೇ ಕೇಳಿದಳು:

"ನಾಳೆ ಯಾವ ಕಡೆ ಹೊಂಟಿ?"

ಸೀಮಾ ದಾರಿ ಹೇಳತೊಡಗಿದಳು. ಎಲ್ಲಿ ಏರು, ಎಲ್ಲಿ ತಗ್ಗು, ಯಾರ ತೋಟದ ನಾಯಿ ಬೆನ್ನು ಹತ್ತುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ. ತಾರಾಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ರಗ್ಗಿನ ಕೆಳಗೆ ಅವಳ ಪಾದಗಳು ಮೆಲ್ಲಗೆ, ಒಂದಾದ ಮೇಲೊಂದು, ಅಲುಗುತ್ತಿದ್ದವು.