ಕಾಟು ಹಾಕಿದ ಬಾವಿ

ಮರ್ಯಾದೆಗೆಟ್ಟ ಕೆಲಸ ಮಾಡಿದವನು ನಾನು. ಅದನ್ನು ಸುತ್ತಿ ಬಳಸಿ ಹೇಳಲು ಹೋದರೆ ಇನ್ನಷ್ಟು ನಾಚಿಕೆ, ಹಾಗಾಗಿ ನೇರ ಹೇಳಿಬಿಡುತ್ತೇನೆ. ನನ್ನ ಹೆಸರು ರಘುವೀರ. ಜಮಖಂಡಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಭೂವಿಜ್ಞಾನ ಕಲಿಸುತ್ತಿದ್ದೇನೆ. ಹುಡುಗರು ಬೆನ್ನ ಹಿಂದೆ ಕಲ್ಲು ಮಾಸ್ತರ ಅನ್ನುತ್ತಾರೆ. ಅನ್ನಲಿ, ಅದೇನು ಸುಳ್ಳಲ್ಲ.

ಪ್ರತಿ ವರ್ಷ ಶೇಲ್ ಕಲ್ಲಿನ ಪಾಠ ಬಂದಾಗ ನಾನು ಒಂದೇ ಮಾತು ಹೇಳುತ್ತೇನೆ. "ಶೇಲ್ ಅಂದ್ರ ಭಾರಿ ಜಿಪುಣ ಕಲ್ಲು ನೋಡ್ರಿ. ಗ್ಯಾಸು ಹುಟ್ಟೂದೂ ಅದರೊಳಗ, ಕೂಡಿಡೂದೂ ಅದ. ಕೈ ಬಿಚ್ಚಿ ಕೊಡೂದಿಲ್ಲ." ಹಳೆಯ ಸಮುದ್ರದ ತಳದ ನುಣ್ಣನೆಯ ಕೆಸರು ಒತ್ತಿ ಒತ್ತಿ ಹಾಳೆ ಹಾಳೆಯಾಗಿ ಕಲ್ಲಾದದ್ದು ಅದು. ಕೆಸರಿನಲ್ಲಿ ಸೇರಿದ್ದ ಸತ್ತ ಜೀವಿಗಳ ಶೇಷ ಭೂಮಿಯ ಶಾಖಕ್ಕೆ ಬೆಂದು ಅನಿಲವಾಗುತ್ತದೆ. ಆದರೆ ಕಲ್ಲಿನೊಳಗಿನ ತೂತುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಒಂದರಿಂದ ಇನ್ನೊಂದಕ್ಕೆ ಸರಿಯಾದ ದಾರಿ ಇಲ್ಲ. ಸಾವಿರಾರು ಅಡಿ ಕೊರೆದು, ನೀರಿನ ಒತ್ತಡದಿಂದ ಕಲ್ಲನ್ನೇ ಒಡೆದರೆ ಮಾತ್ರ ಅನಿಲ ಬಿಡುತ್ತದೆ. ಈ ಪಾಠ ನನಗೆ ನಿದ್ದೆಗಣ್ಣಿನಲ್ಲೂ ಬರುತ್ತದೆ. ಬಂದು ಏನು ಉಪಯೋಗವಾಯಿತು, ಹೇಳಿ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿ ರಾಜಶ್ರೀ ಕ್ಲಾಸು ಮುಗಿದರೂ ಬಾಗಿಲಲ್ಲಿ ನಿಂತಿದ್ದಳು. ಮುಧೋಳದಿಂದ ಲೋಕಾಪುರದ ಕಡೆ ಹೋಗುವ ದಾರಿಯಲ್ಲಿ ಅವರ ತೋಟದ ಮನೆ. ಐದು ಎಕರೆ ಕಬ್ಬು, ಒಂದಿಷ್ಟು ಅರಿಶಿನ.

"ಸರ್, ನಮ್ಮ ಬೋರಿನ್ಯಾಗ ಗುಳ್ಳಿ ಏಳಾಕತ್ತಾವ್ರಿ. ಅಪ್ಪ ಕಡ್ಡಿ ಗೀರಿದ್ರ ಬೆಂಕಿ ಹತ್ತತೈತ್ರಿ," ಅಂದಳು.

ಮರುದಿನವೇ ಹೋದೆ. ಅವಳ ತಂದೆ ಯಲ್ಲಾಲಿಂಗ ನನ್ನೆದುರು ಬೋರಿನ ಕೇಸಿಂಗ್ ಪೈಪಿನ ಬಾಯಿಗೆ ಕಡ್ಡಿ ಹಿಡಿದ. ಭಗ್ ಎಂದು ನೀಲಿ ಉರಿ ಎದ್ದಿತು. ಆ ಬೋರು ಕೊರೆದಾಗ ಬಂದಿದ್ದ ಕಪ್ಪು ಶೇಲ್ ಚೂರುಗಳು ಇನ್ನೂ ಬದುವಿನ ಮೇಲೆ ಬಿದ್ದಿದ್ದವು. ಕಲಾದಗಿ ಸೀಮೆಯ ಕಲ್ಲು, ನೂರು ಕೋಟಿ ವರ್ಷಕ್ಕೂ ಹಳೆಯದು. ನನ್ನ ಜಿಲ್ಲೆಯಲ್ಲಿ ಶೇಲ್ ಅನಿಲ! ನಾನು ಕಂಡುಹಿಡಿದದ್ದು! ನಲವತ್ತೆಂಟನೆಯ ವಯಸ್ಸಿನಲ್ಲಿ ತಲೆ ತಿರುಗುವುದಕ್ಕೆ ಅಷ್ಟು ಸಾಕಿತ್ತು.

ಮೂರು ತಿಂಗಳು ಶನಿವಾರ ತಪ್ಪಿಸದೆ ಹೋದೆ. ರಾಜಶ್ರೀ ಅಳೆಯುತ್ತಿದ್ದಳು, ಬರೆಯುತ್ತಿದ್ದಳು, ಕಲ್ಲಿನ ಚೂರು ತೊಳೆದು ಚೀಲಕ್ಕೆ ಹಾಕಿ ಚೀಟಿ ಅಂಟಿಸುತ್ತಿದ್ದಳು. ಅವಳ ತಾಯಿ ಬಿಸಿ ರೊಟ್ಟಿ, ಪುಂಡಿ ಪಲ್ಯೆ, ಕೆನೆ ಮೊಸರು ಬಡಿಸುತ್ತಿದ್ದಳು. ಒಮ್ಮೆ ರೊಟ್ಟಿ ಹಾಕುತ್ತಾ ಆಕೆ, "ಸರ, ಆ ಬೋರಿನ ಮಗ್ಗಲಕ ಒಂದ ಬಾವಿ ಇತ್ರಿ," ಅಂದಳು.

"ಆತವ್ವ, ಆಮ್ಯಾಲೆ ನೋಡೂಣಂತ," ಅಂದೆ. ರೊಟ್ಟಿ ತಿನ್ನುವುದು ನಿಲ್ಲಿಸಲೂ ಇಲ್ಲ.

ನಮ್ಮ ಕಡೆ ಇದು ಮನೆ ಮನೆಯ ಕಥೆ. ಬೋರಿಗೆ ನೀರು ಬಿದ್ದ ಮೇಲೆ ತೆರೆದ ಬಾವಿ ಯಾರಿಗೆ ಬೇಕು? ದನ ಬೀಳುತ್ತವೆ, ಜಾಗ ವ್ಯರ್ಥ. ಕಬ್ಬು ಕಡಿದಾಗ ಉಳಿಯುವ ಒಣ ಗರಿ, ಅಂದರೆ ರವದಿ, ಅದನ್ನೂ ಸೆಗಣಿ ಕಸವನ್ನೂ ವರ್ಷಾನುಗಟ್ಟಲೆ ತುಂಬಿ, ಮೇಲೆ ಮಣ್ಣು ಹರಡಿ ಬೆಳೆ ಹಾಕುತ್ತಾರೆ. ಒಳಗೆ ನೀರು ತಾಗಿದ ರವದಿ ಕೊಳೆತರೆ ಅದೇ ಉರಿಯುವ ಅನಿಲ ಹುಟ್ಟುತ್ತದೆ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಹುಟ್ಟುವಂಥದ್ದೇ. ಇದು ಹೈಸ್ಕೂಲು ಹುಡುಗನಿಗೂ ಗೊತ್ತಾಗುವ ಮಾತು. ಆದರೆ ನನಗೆ ಬೇಕಾಗಿದ್ದದ್ದು ನೂರು ಕೋಟಿ ವರ್ಷದ ಸಮುದ್ರ, ಹನ್ನೆರಡು ವರ್ಷದ ರವದಿ ಅಲ್ಲ.

ಫೆಬ್ರವರಿಯಲ್ಲಿ ರಾಜಶ್ರೀ ತನ್ನ ಫೀಲ್ಡ್ ನೋಟಬುಕ್ ತಿದ್ದಿಸಲು ತಂದಳು. ಹದಿನೇಳನೆಯ ಪುಟದಲ್ಲಿ ದುಂಡಗೆ ಬರೆದಿದ್ದಳು: "ಬೋರಿನಿಂದ ಹದಿನೈದು ಅಡಿ ದೂರದಲ್ಲಿ ಹಳೆಯ ಬಾವಿ. ಐವತ್ತು ಅಡಿ ಆಳ. ಹನ್ನೆರಡು ವರ್ಷದ ಹಿಂದೆ ರವದಿ ತುಂಬಿ ಮುಚ್ಚಿದ್ದು. ಹೇಳಿದವರು: ನಮ್ಮವ್ವ."

"ಇದೇನ ಇದು? ನಮ್ಮವ್ವ ಹೇಳಿದ್ದು ಅಂತ ಸೆಮಿನಾರಿನ್ಯಾಗ ಓದ್ತೀಯೇನು? ನಗತಾರ ಮಂದಿ," ಎಂದು ಸಿಡುಕಿದೆ.

"ಸರ್, ಆದ್ರ ಗ್ಯಾಸು ಅದರಾಗಿಂದ ಬಂದಿದ್ರ..."

"ನೀ ಕಲಸಾಕಿಯೋ, ನಾ ಕಲಸಾಂವೋ?"

ಕೆಂಪು ಪೆನ್ನಿನಿಂದ ಆ ನಾಲ್ಕೂ ಸಾಲಿಗೆ ಕಾಟು ಹಾಕಿದೆ. ಬದಿಯಲ್ಲಿ "ಅನವಶ್ಯಕ" ಎಂದು ಬರೆದು ಸಹಿಯನ್ನೂ ಮಾಡಿದೆ. ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು, ಪೈಪಿನ ಪಕ್ಕ ಕೈಕಟ್ಟಿ ನಿಂತ ನನ್ನ ಫೋಟೊ ಸಮೇತ. ರಾಜಶ್ರೀಯ ಹೆಸರು ಅದರಲ್ಲಿ ಇರಲಿಲ್ಲ. ನಾನು ಹೇಳಿರಲಿಲ್ಲ.

ಧಾರವಾಡದ ಸೆಮಿನಾರಿನಲ್ಲಿ ಪ್ರಬಂಧ ಓದಿದವಳು ಮಾತ್ರ ಅವಳೇ, ವಿದ್ಯಾರ್ಥಿಗಳ ವಿಭಾಗವಾದ್ದರಿಂದ. ಚೆನ್ನಾಗಿ ಓದಿದವರಲ್ಲಿ ಇಬ್ಬರನ್ನು ಆರು ತಿಂಗಳ ತರಬೇತಿಗೆ ಆರಿಸುತ್ತಾರೆಂದು ಅವಳು ವಾರವಿಡೀ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದಳಂತೆ. ಆರಿಸುವವರು ಚನಮಲ್ಲಪ್ಪ, ತೈಲ ಶೋಧನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಕೇಳಿದರು.

"ಛಲೋ ಓದಿದಿ ತಂಗಿ. ಆದ್ರ ಶೇಲು ಇಷ್ಟ ಸಸಾರ ಗ್ಯಾಸು ಬಿಡೂದಿಲ್ಲಲಾ? ನಲವತ್ತ ಫೂಟಿನ್ಯಾಗ ಗುಳ್ಳಿ ಅಂದ್ರ ನನಗ ಸಂಶೆ. ಅಲ್ಲೆ ಮಗ್ಗಲಕ ಮುಚ್ಚಿದ ಬಾವಿ ಏನರ ಐತೇನು? ಯಾರನ್ನರ ಕೇಳಿದ್ಯೇನು?"

ನೋಟಬುಕ್ ಅವಳ ಕೈಯಲ್ಲೇ ಇತ್ತು. ಅವಳು ನನ್ನ ಕಡೆ ನೋಡಿದಳು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಎದ್ದು ನಿಂತೆ, ಹೌದು, ನಿಂತೆ, ಮತ್ತು ಈ ನಾಲಿಗೆಯಿಂದಲೇ ಹೇಳಿದೆ: "ಫೀಲ್ಡಿನ್ಯಾಗ ಎಲ್ಲಾ ಕೇಳ್ರಿ ಅಂತ ಹೇಳಿರ್ತೀವ್ರಿ ಸರ್. ಏನ್ ಮಾಡೂದು, ಈಗಿನ ಹುಡುಗರು ಮನಸ ಕೊಟ್ಟ ಮಾಡೂದಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಕೇಳಲಿಲ್ರಿ ಸರ್. ನನ್ನ ತಪ್ಪು," ಅಂದಳು ರಾಜಶ್ರೀ. ನೋಟಬುಕ್ ಮುಚ್ಚಿದಳು. ಪುಟ ಹದಿನೇಳು ತೆರೆದು ತೋರಿಸಿದ್ದರೆ ನನ್ನ ಸಹಿ ಸಮೇತ ನಾನು ಅಲ್ಲೇ ಮುಗಿಯುತ್ತಿದ್ದೆ. ತೋರಿಸಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿ ನನ್ನ ಮರ್ಯಾದೆ ಉಳಿಸಿದಳು, ನಾನು ಅವಳದ್ದು ತೆಗೆದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮುಂದೆ ಕೂತಿದ್ದಳು, ನಾನು ಹಿಂದೆ. ತನ್ನ ಸ್ಟಾಪಿನಲ್ಲಿ ಇಳಿಯುವಾಗ "ಬರ್ತೀನ್ರಿ ಸರ್" ಅಂದಳು. ಆಮೇಲೆ ಒಂಬತ್ತು ದಿನ ಕಾಲೇಜಿಗೆ ಬರಲಿಲ್ಲ. ಆ ಒಂಬತ್ತು ದಿನ ನಾನು ಚಹಾ ತಣ್ಣಗಾಗಿದೆ ಎಂದು, ಅಂಗಿಗೆ ಇಸ್ತ್ರಿ ಇಲ್ಲ ಎಂದು ಮನೆಯಲ್ಲಿ ಹಾರಾಡಿದೆ. ಕೊನೆಗೆ ಹೆಂಡತಿ ಹರ್ಷದಾ, "ಆ ಹುಡುಗಿ ಮನಿಗೆ ಹೋಗಿ ಬರ್ರಿ ಮೊದಲ. ನನ್ನ ಮ್ಯಾಲೆ ಯಾಕ ಸಿಡಿಸಿಡಿ ಮಾಡ್ತೀರಿ?" ಅಂದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಹೆಂಡಂದಿರಿಗೆ ಹೇಳುವುದು ಬೇಕಾಗುವುದಿಲ್ಲ.

ಹೋದೆ. ಬೋರಿನ ಪಕ್ಕ ಜೆಸಿಬಿ ತೋಡಿದ ದೊಡ್ಡ ತಗ್ಗು. ಬದುವಿನ ಮೇಲೆ ಕಪ್ಪಗೆ ಕೊಳೆತ ರವದಿಯ ರಾಶಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಯಲ್ಲಾಲಿಂಗ ಓಡಿ ಬಂದು ಎರಡೂ ಕೈ ಮುಗಿದ.

"ತಪ್ಪಾತ್ರಿ ಸರ. ಬಾವಿ ತೋಡಿಸಿದ ಮ್ಯಾಲೆ ಗುಳ್ಳಿ ಬಂದ್ ಆದೂವ್ರಿ. ನಮ್ಮ ಹುಡುಗಿ ಸರಿಯಾಗಿ ಕೇಳಲಾರದ್ದಕ್ಕ ಅಷ್ಟ ಮಂದ್ಯಾಗ ನಿಮ್ಮ ಹೆಸರ ಕೆಡ್ತಂತ. ಮನಸ ಕೊಟ್ಟ ಮಾಡೂದಿಲ್ಲ ಅಂತ ನೀವ ಅಂದ್ರಂತಲ್ರಿ. ಸಾಕ ಬಿಡ್ರಿ, ಕಾಲೇಜ ಬಿಡಸೇನಿ ಅಕಿನ್ನ. ನಿಮ್ಮಂಥಾವರಿಗೆ ತ್ರಾಸ ಕೊಟ್ಟ ಕಲಿಯೂದ ಬ್ಯಾಡ."

ಮನೆಯಲ್ಲಿ ಕೂಡ ಅವಳು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಅದಕ್ಕೆ ತನ್ನ ಓದನ್ನೇ ತೆತ್ತು ಸುಮ್ಮನೆ ಕೂತಿದ್ದಳು. ಅವಳು ಬಾಗಿಲ ಒಳಗೆ ನಿಂತಿದ್ದಳು, ತಾಯಿ ಅವಳ ಹಿಂದೆ.

"ರಾಜಶ್ರೀ, ನೋಟಬುಕ್ ತೊಗೊಂಡ ಬಾ," ಅಂದೆ.

ತಂದಳು. ಹದಿನೇಳನೆಯ ಪುಟ ತೆರೆದು ಯಲ್ಲಾಲಿಂಗನ ಕೈಯಲ್ಲಿಟ್ಟೆ. "ಓದ್ರಿ ಯಲ್ಲಾಲಿಂಗ. ಅಕಿ ಕೇಳಿದ್ಲು, ಬರದಿದ್ಲು. ಕಾಟು ಹಾಕಿದಾಂವ ನಾನು. ಸಭಾದಾಗ ಸುಳ್ಳ ಹೇಳಿದಾಂವನೂ ನಾನ."

ಅವನು ತುಟಿ ಅಲುಗಿಸುತ್ತಾ ಓದಿದ. ಎರಡು ಸಲ ಓದಿದ. ಮುಗಿದಿದ್ದ ಕೈ ಆಮೇಲೆ ಮತ್ತೆ ಮುಗಿಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾತಾಡಿದವಳು ರಾಜಶ್ರೀ. "ಇಲ್ಲೆ ಹೇಳೂದು ಸಸಾರ ಐತ್ರಿ ಸರ್. ನೀವು ಅಲ್ಲೆ ಹೇಳಬೇಕಿತ್ರಿ."

ಫೋನು ತೆಗೆದು ಅವರೆಲ್ಲರ ಎದುರಿಗೇ ಚನಮಲ್ಲಪ್ಪನವರಿಗೆ ಹಚ್ಚಿದೆ, ಸ್ಪೀಕರ್ ಹಾಕಿ. ಪುಟದ ನಂಬರು, ಕೆಂಪು ಕಾಟು, ಸಹಿ, ಒಂದನ್ನೂ ಬಿಡದೆ ಹೇಳಿದೆ.

"ಆತ್ರಿ," ಅಂದರು ಅವರು. "ಇದನ್ನೆಲ್ಲಾ ಬರದ ಕಳಸ್ರಿ. ಅಲ್ಲಿ ಕುಂತಾವರೆಲ್ಲಾರಿಗೂ ನಾ ಓದಿಸ್ತೀನಿ. ಆ ಹುಡುಗಿ ತರಬೇತಿಗೆ ಬರಲಿ, ಅಕಿ ನೋಟಬುಕ್ಕೂ ಬರಲಿ. ಮತ್ತ ಒಂದ ಹೇಳ್ರಿ, ಬಾವಿ ಐತಿ ಅಂತ ಹೇಳಿದ ಹೆಣ್ಣಮಗಳ ಹೆಸರೇನು? ಮಾಹಿತಿ ಕೊಟ್ಟಾವರ ಹೆಸರ ಬೇಕಲ್ರಿ ವರದಿಯೊಳಗ."

ಮಾಹಿತಿ ಕೊಟ್ಟವರ ಹೆಸರು ಮೊದಲು ಬರೆದುಕೊಳ್ಳಬೇಕು. ಫೀಲ್ಡಿನ ಮೊದಲ ಪಾಠವದು, ಇಪ್ಪತ್ತೆರಡು ವರ್ಷದಿಂದ ನಾನೇ ಕಲಿಸುತ್ತಿರುವುದು. ಮೂರು ತಿಂಗಳು ಆಕೆಯ ಕೈಯ ರೊಟ್ಟಿ ತಿಂದಿದ್ದೆ. ಯವ್ವಾ ಅಂದಿದ್ದೆ, ರಾಜಶ್ರೀ ಅವ್ವಾ ಅಂದಿದ್ದೆ. ಹೆಸರು ಗೊತ್ತಿರಲಿಲ್ಲ.

ಫೋನು ಕೈಯಲ್ಲೇ ಇತ್ತು, ಎಲ್ಲರೂ ಕೇಳುತ್ತಿದ್ದರು. ಬಾಗಿಲ ಕಡೆ ತಿರುಗಿದೆ.

"ತಾಯೀ, ನಿಮ್ಮ ಹೆಸರೇನ್ರಿ?"

ಆಕೆ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿ ಹೊರಗೆ ಬಂದಳು. ನನ್ನ ಮುಖವನ್ನು ನೇರ ನೋಡಿದಳು.

"ಮಾದೇವಿ," ಅಂದಳು. "ಈಗರ ಬರಕೋರಿ."